ಬಾಗಿಲಿನ ಅಗಲ

ಕೊಡಿಕೊಂಡದ ಚೆಕ್‌ಪೋಸ್ಟಿನ ಬಳಿ ನಿಂತರೆ ದಕ್ಷಿಣಕ್ಕೆ ಹೋಗುವ ಬಸ್ಸುಗಳು ಬಹುಪಾಲು ಬೆಂಗಳೂರಿನ ಹೆಸರನ್ನೇ ಹೊತ್ತು ಬರುತ್ತವೆ. ನಮ್ಮ ಸರ್ಕಾರ ಆಂಧ್ರದ್ದು; 2022ರಿಂದ ನಮ್ಮ ಜಿಲ್ಲಾ ಕೇಂದ್ರ ಪುಟ್ಟಪರ್ತಿ. ಆದರೆ ದೊಡ್ಡ ಆಸ್ಪತ್ರೆ, ಕೂಲಿ, ಮದುವೆಯ ಜವಳಿ, ಆಟ ಎಂದಾಗ ನಮ್ಮ ಮನೆಗಳ ಮುಖ ತಿರುಗುವುದು ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿನ ಕಡೆಗೇ. ಆದ್ದರಿಂದ ಆ ನಗರದ ಚಿನ್ನಸ್ವಾಮಿ ಕ್ರೀಡಾಂಗಣವನ್ನು ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೆ, ಅಥವಾ ಅದಕ್ಕೆ ಬದಲಾಗಿ ಊರ ಹೊರಗೆ ಬೇರೊಂದನ್ನು ಕಟ್ಟಬೇಕೆ ಎಂಬ ಚರ್ಚೆಯನ್ನು ಗಡಿಯಾಚೆಯವರ ಮಾತೆಂದು ನಾವು ಬಿಡುವಂತಿಲ್ಲ. ಅಲ್ಲಿಗೆ ಹೋಗುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ನಾನು ಆ ಅಂಗಳವನ್ನು ಮೊದಲು ಕಂಡದ್ದು 1987ರ ಮಾರ್ಚ್ ತಿಂಗಳಲ್ಲಿ. ಬೆಂಗಳೂರಿನಲ್ಲಿದ್ದ ನಮ್ಮ ಸೋದರಮಾವ ಪಾಕಿಸ್ತಾನದ ವಿರುದ್ಧದ ಟೆಸ್ಟ್ ಪಂದ್ಯದ ಕೊನೆಯ ದಿನ ನನ್ನನ್ನು ಕರೆದೊಯ್ದಿದ್ದರು. ಸುನೀಲ್ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸಿನಲ್ಲಿ 96 ರನ್ ಗಳಿಸಿ ಔಟಾದರು. ಭಾರತ 16 ರನ್‌ಗಳಿಂದ ಸೋತಿತು. ಆಟಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ಹೊರಗೆ ಬಂದ ಬಗೆ. ಯಾರೂ ಯಾರನ್ನೂ ತಳ್ಳಲಿಲ್ಲ. ಜನ ತಲೆ ತಗ್ಗಿಸಿ, ಸಾವಿನ ಮನೆಯಿಂದ ಹಿಂದಿರುಗುವವರಂತೆ ಮೆಲ್ಲಮೆಲ್ಲನೆ ನಡೆದರು. ಆದರೂ ಮಾವ ನನ್ನ ಮಣಿಕಟ್ಟನ್ನು ಬಿಡಲಿಲ್ಲ. "ಸೋತ ಜನ ನಡೀತಾರೆ ಕಣೋ, ಗೆದ್ದ ಜನ ಓಡ್ತಾರೆ. ಗೆದ್ದ ದಿನ ನಿನ್ನನ್ನು ಕರಕೊಂಡು ಬರೋಲ್ಲ" ಎಂದರು. ಅದನ್ನು ಅಂದು ನಾನು ವಿನೋದವೆಂದೇ ಎಣಿಸಿದ್ದೆ.

ಆ ಮಾತಿನ ಅರ್ಥ ತಿಳಿಯಲು ಮೂವತ್ತೆಂಟು ವರ್ಷಗಳು ಬೇಕಾದವು. 2025ರ ಜೂನ್ 3ರ ರಾತ್ರಿ ಬೆಂಗಳೂರಿನ ತಂಡ ಅಹಮದಾಬಾದಿನಲ್ಲಿ ಐಪಿಎಲ್ ಪ್ರಶಸ್ತಿಯನ್ನು ಮೊದಲ ಬಾರಿಗೆ ಗೆದ್ದಿತು. ಮರುದಿನ ವಿಜಯೋತ್ಸವ. ಸುಮಾರು 35,000 ಜನ ಕುಳಿತುಕೊಳ್ಳಬಹುದಾದ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಬಾಗಿಲುಗಳ ಬಳಿ ನಡೆದ ಕಾಲ್ತುಳಿತದಲ್ಲಿ 11 ಮಂದಿ ಸತ್ತರು.

ಅಂದು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಗೆಳೆಯರೊಡನೆ ಅಲ್ಲಿಗೆ ಹೋಗಿದ್ದ. ಸಂಜೆಯಿಂದ ಅವನ ಮೊಬೈಲು ಉತ್ತರ ಕೊಡಲಿಲ್ಲ. ಅವನ ತಾಯಿ ನಮ್ಮ ಮನೆಯ ಜಗಲಿಯ ಮೇಲೆ ಬಂದು ಕುಳಿತವರು ನೀರನ್ನೂ ಮುಟ್ಟಲಿಲ್ಲ. ನಡುರಾತ್ರಿ ದಾಟಿದ ಮೇಲೆ ಹುಡುಗ ಬಂದ. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಬಹಳ ಹೊತ್ತಿನ ಮೇಲೆ, "ಸಾರ್, ನಾನು ನಡೀಲೇ ಇಲ್ಲ. ಜನಾನೇ ನನ್ನನ್ನು ಎತ್ತಿಕೊಂಡು ಹೋದರು. ನೆಲ ಕಾಲಿಗೆ ಸಿಗಲಿಲ್ಲ" ಎಂದಷ್ಟೇ ಹೇಳಿದ. ಆ ತಾಯಿಗೆ ಮಗ ಹಿಂದಿರುಗಿ ಬಂದ. ಹನ್ನೊಂದು ಮನೆಗಳಿಗೆ ಬರಲಿಲ್ಲ.

ಆ ದುರಂತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹ ಆಯೋಗವು, ದೊಡ್ಡ ಜನಸಂದಣಿಯ ಸಮಾರಂಭಗಳಿಗೆ ಈ ಕ್ರೀಡಾಂಗಣ ತಕ್ಕದ್ದಲ್ಲವೆಂದು ಅಭಿಪ್ರಾಯಪಟ್ಟಿತು. ಅದೇ ವರ್ಷ ಆಗಸ್ಟಿನಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80,000 ಆಸನಗಳ ಹೊಸ ಕ್ರೀಡಾ ಸಂಕೀರ್ಣಕ್ಕೆ ಕರ್ನಾಟಕ ಸರ್ಕಾರ ಒಪ್ಪಿಗೆ ನೀಡಿತು. ಅಲ್ಲಿಂದೀಚೆಗೆ ನಮ್ಮೂರ ಚಹದಂಗಡಿಯಲ್ಲಿಯೂ ಎರಡು ಪಕ್ಷಗಳು. ಹಳೆಯದನ್ನು ಬಿಡಬಾರದೆನ್ನುವವರು ಒಂದೆಡೆ, ಕೆಡವಿ ಹೊಸದಕ್ಕೆ ಹೋಗಬೇಕೆನ್ನುವವರು ಇನ್ನೊಂದೆಡೆ.

ಎರಡು ಪಕ್ಷಗಳಲ್ಲಿಯೂ ಸತ್ಯವಿದೆ. 1970ರ ಸುಮಾರಿಗೆ ಕಟ್ಟಲಾರಂಭಿಸಿದ ಆ ಅಂಗಳ ಬರಿಯ ಕಾಂಕ್ರೀಟಲ್ಲ. ಮುಂಬಯಿ ತಂಡದ ಹದಿನೈದು ವರ್ಷಗಳ ಸತತ ರಣಜಿ ಪಾರಮ್ಯವನ್ನು ಕರ್ನಾಟಕ ಮುರಿದದ್ದು 1974ರಲ್ಲಿ ಅಲ್ಲಿಯೇ. ಅದೇ ವರ್ಷ ನವೆಂಬರಿನಲ್ಲಿ ಅಲ್ಲಿ ನಡೆದ ಮೊದಲ ಟೆಸ್ಟಿನಲ್ಲಿಯೇ ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಟೆಸ್ಟ್ ಜೀವನ ಆರಂಭಿಸಿದರು. ದುರಸ್ತಿಯೂ ನಿಂತಿಲ್ಲ: ಚಾವಣಿಗೆ ಸೌರಫಲಕಗಳು ಬಂದವು, 2017ರಲ್ಲಿ, ಮಳೆ ನಿಂತೊಡನೆ ನೆಲದ ನೀರನ್ನು ಹೀರಿ ತೆಗೆಯುವ ಯಂತ್ರ ಬಂದಿತು. ನಮ್ಮಂತಹವರಿಗೆ ಇನ್ನೊಂದು ಅನುಕೂಲ: ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೋ ಹತ್ತಿದರೆ ಕಬ್ಬನ್ ಪಾರ್ಕ್ ನಿಲ್ದಾಣದಿಂದ ನಡೆದೇ ಹೋಗಬಹುದು. ಸೂರ್ಯನಗರ ನಗರದ ದಕ್ಷಿಣದ ಕೊನೆ. ಉತ್ತರದಿಂದ ಬರುವ ನಾವು ಇಡೀ ಬೆಂಗಳೂರನ್ನು ದಾಟಬೇಕು. 2025ರಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೋ ಬಂದಿದ್ದರೂ ರಾತ್ರಿಯ ಪಂದ್ಯ ಮುಗಿಸಿ ಹಿಂದೂಪುರದ ಬಸ್ಸು ಹಿಡಿಯುವುದು ದುಸ್ತರ.

ಲೋಕದಲ್ಲಿ ಎರಡು ದಾರಿಯ ನಿದರ್ಶನಗಳೂ ಉಂಟು. ನಮ್ಮಲ್ಲಿ ಕ್ರಿಕೆಟ್ ಹೇಗೋ ಅಮೆರಿಕದಲ್ಲಿ ಬೇಸ್‌ಬಾಲ್ ಹಾಗೆ. ಬಾಸ್ಟನ್ ನಗರದವರು 1912ರ ಫೆನ್‌ವೇ ಪಾರ್ಕನ್ನು ದುರಸ್ತಿ ಮಾಡುತ್ತಲೇ ಉಳಿಸಿಕೊಂಡರು. ನ್ಯೂಯಾರ್ಕಿನವರು 1923ರ ಯಾಂಕೀ ಕ್ರೀಡಾಂಗಣವನ್ನು ಬಿಟ್ಟು 2009ರಲ್ಲಿ ಬೀದಿಯ ಆಚೆ ಬದಿಯಲ್ಲಿಯೇ ಹೊಸದನ್ನು ತೆರೆದರು. ಅಹಮದಾಬಾದಿನವರು ಮೊಟೇರಾವನ್ನು ಕೆಡವಿ, ಅದೇ ಸ್ಥಳದಲ್ಲಿ ಲಕ್ಷಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣವನ್ನು 2020ರಲ್ಲಿ ತೆರೆದರು.

ಆದರೆ ಚರ್ಚೆ ಕಟ್ಟಡದ ವಯಸ್ಸಿನಲ್ಲಿಯೇ ನಿಂತುಬಿಟ್ಟರೆ ಮುಖ್ಯವಾದುದು ತಪ್ಪಿಹೋಗುತ್ತದೆ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಹಿಂದೆ ನಾನಿದ್ದ ಒಂದು ಹಳ್ಳಿಯಲ್ಲಿ ಶಾಲೆಯ ಕಲ್ಲುಚಪ್ಪಡಿಯ ಮಾಡು ಸೋರುತ್ತಿತ್ತು. ದುರಸ್ತಿಯೋ ಹೊಸ ಕಟ್ಟಡವೋ ಎಂದು ಊರು ಎರಡಾಯಿತು. ನಾನು ಹೊಸದರ ಪಕ್ಷ ವಹಿಸಿದೆ. ಕೆರೆಯ ಬದಿಯಲ್ಲಿ ಅಂದವಾದ ಕಟ್ಟಡ ಎದ್ದಿತು. ಗಾಳಿ, ಬೆಳಕು, ಕಪ್ಪುಹಲಗೆ ಎಲ್ಲವನ್ನೂ ತರಬೇತಿಯಲ್ಲಿ ಕಲಿತಂತೆ ನೋಡಿಕೊಂಡೆ. ಬಾಗಿಲನ್ನು ಮಾತ್ರ ನೋಡಲಿಲ್ಲ. ಹಳೆಯ ಶಾಲೆಗಿದ್ದಂತೆ ಹೊಸದಕ್ಕೂ ಮೂರಡಿಯ ಒಂದೇ ಬಾಗಿಲು, ಅದೂ ಒಳಕ್ಕೆ ತೆರೆಯುವಂಥದು. ಪ್ರಾರಂಭೋತ್ಸವದ ವಾರದಲ್ಲಿಯೇ ಸಂಜೆಯ ಗಂಟೆಯನ್ನು ಎಲ್ಲ ತರಗತಿಗಳಿಗೂ ಒಮ್ಮೆಗೇ ಬಾರಿಸಿದೆ. ಮಕ್ಕಳು ನುಗ್ಗಿದರು, ಒಂದನೆಯ ತರಗತಿಯ ಮಗುವೊಂದು ಕೆಳಗೆ ಬಿದ್ದು ಕೈ ಮುರಿದುಕೊಂಡಿತು. ಅದರ ಅಜ್ಜಿ ನನ್ನನ್ನು ಬೈಯಲಿಲ್ಲ. "ಹಳೇ ಸ್ಕೂಲಾದ್ರೆ ಬರೀ ಸೋರ್ತಿತ್ತು ಸಾಮಿ" ಎಂದರು, ಅಷ್ಟೆ. ಮರುದಿನದಿಂದ ತರಗತಿಗೊಂದರಂತೆ ಬಿಡಲಾರಂಭಿಸಿದೆ. ತಿಂಗಳೊಳಗೆ ಹೊರಕ್ಕೆ ತೆರೆಯುವ ಎರಡನೆಯ ಬಾಗಿಲನ್ನು ಇಡಿಸಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗೆಯೇ ಸರಿ.

ಇಂಗ್ಲೆಂಡಿನ ಷೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ 1989ರಲ್ಲಿ ನಡೆದ ನೂಕುನುಗ್ಗಲಿನಲ್ಲಿ ಒಟ್ಟು 97 ಮಂದಿ ಪ್ರಾಣ ಕಳೆದುಕೊಂಡರು. ಆ ಮೈದಾನವನ್ನು ಅವರು ಕೆಡವಲಿಲ್ಲ. ಜನರನ್ನು ಅದುಮಿ ಹಿಡಿದಿದ್ದ ಬೇಲಿಗಳನ್ನು ಕಿತ್ತರು, ನಿಲ್ಲುವ ಕಟ್ಟೆಗಳಿಗೆ ಆಸನ ಹಾಕಿದರು. ಅಲ್ಲಿನ ಸುರಕ್ಷತಾ ಮಾರ್ಗದರ್ಶಿಯ ಪ್ರಕಾರ, ಆಟ ಮುಗಿದಾಗ ಪ್ರೇಕ್ಷಕರು ಎಂಟು ನಿಮಿಷದೊಳಗೆ ತಮ್ಮ ಆಸನಗಳನ್ನು ಬಿಟ್ಟು ಸರಾಗವಾಗಿ ಸಾಗುವ ದಾರಿಯನ್ನು ಸೇರಿರಬೇಕು.

ಈ ಎಂಟು ನಿಮಿಷದ ಲೆಕ್ಕವನ್ನು ನಮ್ಮ ಏಳನೆಯ ತರಗತಿಯವರಿಗೆ ಕೊಟ್ಟೆ. ಮೊದಲು ನಮ್ಮ ಶಾಲೆಯ ಮೂರಡಿ ಬಾಗಿಲಿನಿಂದ ನೂಕಾಡದೆ ನಿಮಿಷಕ್ಕೆ ಎಷ್ಟು ಮಕ್ಕಳು ಹೊರಗೆ ಬರಬಲ್ಲರೆಂದು ಗಡಿಯಾರ ಹಿಡಿದು ಎಣಿಸಿದರು: ನಲವತ್ತು. 35,000 ಜನ ಎಂಟು ನಿಮಿಷದಲ್ಲಿ ಹೊರಬೀಳಬೇಕಾದರೆ ನಿಮಿಷಕ್ಕೆ 4,375 ಮಂದಿ. ಅಂದರೆ ನಮ್ಮಂತಹ 110 ಬಾಗಿಲುಗಳು. 80,000 ಜನಕ್ಕಾದರೆ 250. ಹಲಗೆಯ ಮೇಲೆ ಉತ್ತರ ಬರೆದ ಹುಡುಗಿ ತಿರುಗಿ, "ಸಾರ್, ಬಾಗಿಲು ದಾಟಿದ ಮೇಲೆ ಅಷ್ಟು ಜನ ನಿಲ್ಲೋದಕ್ಕೆ ಜಾಗ ಎಲ್ಲಿ?" ಎಂದಳು. ಆಯೋಗದ ವರದಿಯೂ ಅದನ್ನೇ ಹೇಳಿತ್ತು: ಜನ ಸಾಲು ನಿಲ್ಲಲು ಅಲ್ಲಿ ಕಾಲುದಾರಿಯೇ ಗತಿ.

ಹೀಗಾಗಿ ನನ್ನ ಅಭಿಪ್ರಾಯ ಇಷ್ಟು. ಹಳೆಯ ಅಂಗಳ ಉಳಿಯಲಿ. ಆದರೆ ಅದರ ಬಾಗಿಲು ಮತ್ತು ಬೀದಿ ತಾಳುವಷ್ಟು ಜನಕ್ಕೆ ಮಾತ್ರ ಟಿಕೆಟು ಕೊಡಲಿ. ಅದಕ್ಕಾಗಿ ಆಸನಗಳು ಕಡಮೆಯಾಗಬೇಕಾದರೆ ಆಗಲಿ. ಲಕ್ಷ ಜನ ಸೇರುವ ಉತ್ಸವಗಳು ಅಲ್ಲಿ ಬೇಡ. ಹೊಸದು ಬೇಕೆಂದರೆ ಕಟ್ಟಲಿ. ಆದರೆ ಆಸನಗಳ ಸಂಖ್ಯೆಯನ್ನು ಹೆಮ್ಮೆಯಿಂದ ಸಾರುವ ಮೊದಲು ಬಾಗಿಲುಗಳ ಸಂಖ್ಯೆಯನ್ನೂ ಹೊರಗಿನ ಬಯಲಿನ ಅಳತೆಯನ್ನೂ ನಮಗೆ ಹೇಳಲಿ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಹಿರಿಯರ ಮಾತು ಹಳೆಯದಕ್ಕೂ ಸಲ್ಲುತ್ತದೆ, ಹೊಸದಕ್ಕೂ ಸಲ್ಲುತ್ತದೆ.

ನಮ್ಮ ತಂಡ ಮತ್ತೆ ಗೆಲ್ಲುತ್ತದೆ, ಗೆಲ್ಲಲೇಬೇಕು. ಚೆಕ್‌ಪೋಸ್ಟಿನಲ್ಲಿ ಹುಡುಗರು ಮತ್ತೆ ಬಸ್ಸು ಹತ್ತುತ್ತಾರೆ. ಅವರನ್ನು ತಡೆಯುವುದು ಯಾರಿಂದಲೂ ಆಗದು, ತಡೆಯಲೂಬಾರದು. ಗೆದ್ದ ದಿನವೂ ಅವರು ಸೋತ ದಿನದಂತೆ ಮೆಲ್ಲಗೆ ನಡೆದು ಮನೆ ಸೇರುವಂತಾಗಬೇಕು. ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ, ದುರಸ್ತಿಗಾಗಲಿ ಹೊಸದಕ್ಕಾಗಲಿ, ಮೊದಲ ಕಲ್ಲನ್ನು ಇಡಲಿ.