ಹ್ಯಾಂಡಿಗೆ ಹೊಸ ಕಿವಿ

ಬನ್ನಿ, ಒಳಗೆ ಬನ್ನಿ. ಕೊಡೆ ಜಗಲಿಯಲ್ಲೇ ಬಿಚ್ಚಿಡಿ, ನೀರು ಸೋರಿದರೆ ಸೋರಲಿ. ಆ ಸ್ಟೂಲನ್ನು ಮೇಜಿನ ಹತ್ತಿರ ಎಳೆದುಕೊಂಡು ಕೂತುಕೊಳ್ಳಿ, ಆದರೆ ಮೇಜಿಗೆ ಮೊಣಕೈ ಊರಬೇಡಿ. ಬಿಳಿ ಕಾಗದದ ಮೇಲೆ ಎರಡು ಚಿಪ್ ಇವೆ, ನೋಡಿ. ಒಂದಕ್ಕೆ ಎಂಟು ಕಾಲು, ಇನ್ನೊಂದಕ್ಕೆ ಹದಿನಾರು. ದೊಡ್ಡದು ಕೂಡ ನಿಮ್ಮ ಹೆಬ್ಬೆರಳ ಉಗುರಿಗಿಂತ ಚಿಕ್ಕದು. ಇವು ಕೊರಿಯರ್‌ನಲ್ಲಿ ಬಂದು ತಲುಪಲಿ ಎಂದು ಎರಡು ವಾರ ಕಾದಿದ್ದೇವೆ. ಒಂದು ಸೀನು ಬಂದರೆ ಸಾಕು, ಮೇಜಿನ ಸಂದಿಯಲ್ಲಿ ಹುಡುಕುವ ಕೆಲಸ ಬೀಳುತ್ತದೆ.

ಸಾಗರದಲ್ಲಿ ಆಷಾಢದ ಸಂಜೆ, ಐದು ಗಂಟೆ. ಬೆಳಗಿನಿಂದ ಹೊಯ್ದ ಮಳೆ ಈಗಷ್ಟೇ ಹೊಳವಾಗಿದೆ. ಅಂಗಳದಲ್ಲಿ ಅಡಿಕೆ ಸೋಗೆಯಿಂದ ಹನಿ ಬೀಳುವ ಸದ್ದು ಇಲ್ಲಿಗೂ ಕೇಳುತ್ತದೆ. ಮೇಜಿನ ಆಚೆ ಕೂತವನು ನನ್ನ ತಂಗಿಯ ಮಗ. ಹೋದ ವರ್ಷ ಹ್ಯಾಮ್ ರೇಡಿಯೋ ಪರೀಕ್ಷೆ ಪಾಸು ಮಾಡಿದ, ವಿಯು3 ಎಂದು ಶುರುವಾಗುವ ಕಾಲ್‌ಸೈನ್ ಕೈಗೆ ಬಂದಿದೆ. ಅವನ ಮುಂದಿರುವುದು ಕ್ವಾನ್‌ಶೆಂಗ್ ಯುವಿ-ಕೆ5. ನಾವು ಇಂಥದ್ದನ್ನೆಲ್ಲ ಹ್ಯಾಂಡಿ ಅನ್ನುತ್ತೇವೆ. ಅಂಗೈಗೆ ಒಪ್ಪುವ ಸೆಟ್ಟು, 5 ವ್ಯಾಟ್ ಶಕ್ತಿ, ಮಾತಾಡಲು 144ರಿಂದ 146 ಮೆಗಾಹರ್ಟ್ಸ್, ಅದರಾಚೆ 434ರಿಂದ 438. ಬೆಂಗಳೂರಿನಲ್ಲಾದರೆ ರಿಪೀಟರ್ ಹಿಡಿದು ಊರೆಲ್ಲ ಮಾತಾಡಬಹುದು. ಇಲ್ಲಿ ಸುತ್ತ ಗುಡ್ಡ. ಈ ಆವರ್ತನದ ಅಲೆಗಳು ಕಣ್ಣಳತೆಯಲ್ಲಿ ನೇರ ಹೋಗುತ್ತವೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ಹುಡುಗ ಆರು ತಿಂಗಳಿಂದ ಪಿಟಿಟಿ, ಅಂದರೆ ಮಾತಾಡುವ ಗುಂಡಿ, ಒತ್ತಿ ಕರೆಯುತ್ತಿದ್ದಾನೆ, ಉತ್ತರ ಬಂದದ್ದಿಲ್ಲ.

"ಮಾವ, ಇದನ್ನ ಪೂರ್ತಿ ಬಿಚ್ಚಿಕೊಡಿ. ಎಲ್ಲ ಫ್ರೀಕ್ವೆನ್ಸಿಯಲ್ಲೂ ಮಾತಾಡೋ ಹಾಗೆ ಮಾಡಬಹುದಂತೆ" ಎಂದು ಹೋದ ತಿಂಗಳು ಬಂದಿದ್ದ.

ಮಾಡಬಹುದು, ನಿಜ. ಒಳಗಿರುವ ಬಿಕೆ4819 ಚಿಪ್ 18 ಮೆಗಾಹರ್ಟ್ಸ್‌ನಿಂದ ಹಿಡಿದು, ನಡುವೆ ಒಂದು ಕಂದಕ ಬಿಟ್ಟು, ಸಾವಿರದಾಚೆಗೂ ಹೊರಳಬಲ್ಲದು. ಆದರೆ ಅದರ ಮುಂದಿನ ಫಿಲ್ಟರುಗಳನ್ನು ಅಳೆದು ಇಟ್ಟಿರುವುದು ಆ ಎರಡು ಬ್ಯಾಂಡಿಗೆ. ಬೇರೆಲ್ಲೋ ನಿಂತು ಪಿಟಿಟಿ ಒತ್ತಿದರೆ ಆಡಿದ ಮಾತು ಅಲ್ಲಿಗೆ ನಿಲ್ಲುವುದಿಲ್ಲ, ಎರಡು ಪಟ್ಟು, ಮೂರು ಪಟ್ಟು ಆವರ್ತನದಲ್ಲೂ ಹೋಗಿ ಬೀಳುತ್ತದೆ. 118ರಿಂದ 137ರವರೆಗೆ ವಿಮಾನದವರು ಮಾತಾಡುತ್ತಾರೆ. ನಮ್ಮ ಸೋಗಾನೆಯಲ್ಲಿ 2023ರಿಂದ ವಿಮಾನ ಇಳಿಯುತ್ತಿವೆ. ಮೋಡ ಕವಿದ ಆಷಾಢದಲ್ಲಿ ರನ್‌ವೇ ಹುಡುಕುತ್ತಿರುವ ಪೈಲಟ್ ಕಿವಿಯಲ್ಲಿ ನಮ್ಮ ಹುಡುಗನ ಹಲೋ ಕೇಳುವುದನ್ನು ನೆನೆದರೇ ನನಗೆ ಮೈ ಜುಂ ಎನ್ನುತ್ತದೆ. ಲೈಸೆನ್ಸ್ ಎನ್ನುವುದು ಈ ಒಂದು ನಂಬಿಕೆಯ ಮೇಲೆ ಕೊಟ್ಟದ್ದು. "ಬಾಯಿ ಬೇಡ, ಕಿವಿ ಬದಲಿಸೋಣ. ಕೇಳೋದಕ್ಕೆ ಯಾರ ಅಡ್ಡಿಯೂ ಇಲ್ಲದ ಕಡೆ ಕೇಳು" ಎಂದೆ. ಅವನ ಮುಖ ಸಪ್ಪಗಾಯಿತು. ಆದರೂ ಇವತ್ತು ಬಂದು ಕೂತಿದ್ದಾನೆ.

ಮೊದಲು ಜಾತಕ ಬರೆದಿಟ್ಟುಕೊಳ್ಳಬೇಕು. ಹಾಗೆ ಅನ್ನುವುದು ನಾನು, ಹುಡುಗ ಬ್ಯಾಕಪ್ ಅನ್ನುತ್ತಾನೆ. ಎರಡು ಪಿನ್ನಿನ ಕೇಬಲ್ ಸೆಟ್ಟಿನ ಪಕ್ಕೆಗೆ ಚುಚ್ಚಿದ್ದಾನೆ, ಇನ್ನೊಂದು ತುದಿ ಲ್ಯಾಪ್‌ಟಾಪಿಗೆ. ಒಳಗೊಂದು ಎಂಟು ಕಾಲಿನ ನೆನಪಿನ ಚಿಪ್ ಇದೆ, ಈಪ್ರಾಮ್. ಅದರ ಜಾಗ ಬರೀ 8 ಕೆಬಿ. ಚಾನೆಲ್ಲು, ಸೆಟ್ಟಿಂಗು ಎಲ್ಲ ಅದರಲ್ಲೇ. ಕಟ್ಟಕಡೆಯ 512 ಬೈಟ್‌ಗಳಲ್ಲಿ ಮಾತ್ರ ಬೇರೆ ಸಂಗತಿ: ಈ ಸೆಟ್ಟಿನ ಬ್ಯಾಟರಿ ಎಷ್ಟು ತೋರಿದರೆ ಎಷ್ಟು ಎಂದರ್ಥ, ಯಾವ ಬ್ಯಾಂಡಿನಲ್ಲಿ ಎಷ್ಟು ದೂಡಿದರೆ 5 ವ್ಯಾಟ್ ಬರುತ್ತದೆ, ಸಿಗ್ನಲ್ ಕಡ್ಡಿ ಎಲ್ಲಿ ಏಳಬೇಕು. ಕಾರ್ಖಾನೆಯಲ್ಲಿ ಒಂದೊಂದು ಸೆಟ್ಟನ್ನೂ ಅಳೆದು ಬರೆದ ಅಂಕಿಗಳು. ಅವನ ಗೆಳೆಯನ ಸೆಟ್ಟಿನದು ಇದಕ್ಕೆ ಹೊಂದುವುದಿಲ್ಲ. ನಾವು ಕೀಳಲು ಹೊರಟಿರುವುದು ಇದೇ ಚಿಪ್ಪನ್ನು. ಅವಸರದಲ್ಲಿ ಇದನ್ನು ಮರೆತವರ ಸೆಟ್ಟು ಆಮೇಲೆ ತನ್ನ ಶಕ್ತಿಯನ್ನೇ ತಾನು ಅರಿಯದೆ ಒದ್ದಾಡುವುದನ್ನು ನೋಡಿದ್ದೇನೆ.

"ಬಂತು ಮಾವ."

"ಎರಡು ಸಲ ತೆಗಿ. ಎರಡೂ ಒಂದೇ ಇದೆಯಾ ನೋಡು."

ಒಂದೇ ಇದೆ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ.

ಈಗ ಬಿಚ್ಚೋಣ. ಆಂಟೆನಾ ತಿರುಗಿಸಿ ತೆಗೆಯುತ್ತಾನೆ, ಬ್ಯಾಟರಿ ಜಾರಿಸುತ್ತಾನೆ, ವಾಲ್ಯೂಮ್ ಗುಂಡಿ ಮೇಲಕ್ಕೆ ಎಳೆದರೆ ಬರುತ್ತದೆ. ಬ್ಯಾಟರಿಯ ಹಿಂದಿನ ಎರಡು ಸ್ಕ್ರೂ ಚಹಾದ ತಟ್ಟೆಗೆ ಬೀಳುತ್ತವೆ. ಕೆಳಗಿನಿಂದ ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು ಮೆಲ್ಲಗೆ ಎತ್ತಿದರೆ ಒಳಗಿನ ಚೌಕಟ್ಟು ಹಲಸಿನ ತೊಳೆಯ ಹಾಗೆ ಕಳಚಿಕೊಂಡು ಬರುತ್ತದೆ. ಜೋಪಾನ, ಸ್ಪೀಕರಿನ ಎರಡು ತೆಳ್ಳನೆ ತಂತಿ ಇನ್ನೂ ಅಂಟಿಕೊಂಡಿವೆ.

ಬಗ್ಗಿ ನೋಡಿ. ಇಲ್ಲಿರುವುದು ಬಿಕೆ1080, ಎಫ್‌ಎಂ ಹಾಡು ಕೇಳಿಸುವ ಚಿಪ್. ಅದಕ್ಕೆ ಎಫ್‌ಎಂ ಬಿಟ್ಟು ಬೇರೆ ತಿಳಿಯದು. ಕಾಗದದ ಮೇಲೆ ಕಾದಿರುವ ಎಸ್‌ಐ4732 ಅದೇ ಅಳತೆಯದು, ಕಾಲುಗಳ ಸಾಲೂ ಅದರದೇ, ಹಾಗಾಗಿ ಅದರ ಪಾದದ ಮೇಲೇ ಕೂರುತ್ತದೆ. ಆದರೆ ಇದು ಮೀಡಿಯಂ ವೇವ್ ಕೇಳುತ್ತದೆ, ಶಾರ್ಟ್‌ವೇವ್ ಕೇಳುತ್ತದೆ. ಜೊತೆಗೆ, ಹೇಳಿಕೊಟ್ಟರೆ, ಹ್ಯಾಮ್‌ಗಳು ಮಾತಾಡುವ ಸಿಂಗಲ್ ಸೈಡ್‌ಬ್ಯಾಂಡ್ ಕೂಡ ಕೇಳುತ್ತದೆ. ಆ ಹೇಳಿಕೊಡುವ ಪಾಠ ಚಿಪ್ಪಿನೊಳಗೆ ಇಲ್ಲ. ಅದು ಒಂದು ಪ್ಯಾಚ್, ಕರೆಂಟು ಹೋದರೆ ಮರೆತುಬಿಡುತ್ತದೆ, ಪ್ರತಿ ಸಲವೂ ಹೊಸದಾಗಿ ಊಡಬೇಕು. 8 ಕೆಬಿಯ ಜಾಗದಲ್ಲಿ ಆ ಪಾಠ ಹಿಡಿಸುವುದಿಲ್ಲ. ಸೆಟ್ಟಿನ ಮುಖ್ಯ ಚಿಪ್ಪಿನಲ್ಲಿರುವ 64 ಕೆಬಿಯೂ ಫರ್ಮ್‌ವೇರಿನಿಂದಲೇ ಕಿಕ್ಕಿರಿದಿದೆ. ಅದಕ್ಕೇ ಎಂಟು ಕಾಲಿನದನ್ನೂ ಬದಲಿಸುವುದು. ಹೊಸದು 256 ಕೆಬಿ, ಹಳೆಯದರ 32 ಪಟ್ಟು.

ಸೋಲ್ಡ್ರಾನ್ ಕಾದಿದೆ. 25 ವ್ಯಾಟಿನ ಈ ಕಡ್ಡಿ ನನ್ನ ಕೈಗೆ ಇಪ್ಪತ್ತು ವರ್ಷದಿಂದ ಹೊಂದಿಕೊಂಡಿದೆ. ಬಿಸಿಗಾಳಿಯ ಯಂತ್ರ ನಮ್ಮಲ್ಲಿಲ್ಲ, ಅದಕ್ಕೊಂದು ಹಳೆಯ ಉಪಾಯ ಇದೆ. ದಪ್ಪ ತಾಮ್ರದ ತಂತಿಯನ್ನು ಬಾಗಿಸಿ ಚಿಪ್ಪಿನ ಎರಡೂ ಬದಿಯ ಕಾಲುಗಳ ಮೇಲೆ ಮಲಗಿಸುವುದು. ಅದರ ಮೇಲೆ ಧಾರಾಳವಾಗಿ ಸೀಸ ಹರಿಸಿದರೆ ತಂತಿಯಿಡೀ ಕಾಯುತ್ತದೆ, ಎಂಟೂ ಕಾಲು ಒಟ್ಟಿಗೆ ಸಡಿಲಾಗುತ್ತವೆ. ಹುಡುಗ ಫ್ಲಕ್ಸ್ ಹಚ್ಚುತ್ತಾನೆ, ಕಡ್ಡಿ ತಾಗಿಸುತ್ತಾನೆ. ರಾಳದ ಹೊಗೆ ಎದ್ದು ನಿಮ್ಮ ಕಡೆ ಬಂತು, ಸ್ವಲ್ಪ ಹಿಂದೆ ಸರಿಯಿರಿ. ಸೀಸ ಮೊದಲು ಮಂಕಾಗಿರುತ್ತದೆ. ಆಮೇಲೆ ಒಂದು ಕ್ಷಣದಲ್ಲಿ ತಿಳಿನೀರಿನ ಹಾಗೆ ಹೊಳೆಯುತ್ತದೆ, ಆ ಹೊಳಪು ಎರಡೂ ಬದಿ ಬರುವವರೆಗೆ ಚಿಮಟ ಮುಟ್ಟಕೂಡದು. ಮುಟ್ಟಿ ಎಳೆದರೆ ಕೆಳಗಿನ ತಾಮ್ರದ ಪಟ್ಟಿ ಸಿಪ್ಪೆಯ ಹಾಗೆ ಎದ್ದು ಬರುತ್ತದೆ, ಬೋರ್ಡು ಮುಗಿದ ಹಾಗೆ.

"ಎತ್ತಲಾ?"

"ಇನ್ನೂ ಇಲ್ಲ... ಈಗ."

ಚಿಪ್ ಚಿಮಟದಲ್ಲಿ ತೇಲಿ ಬರುತ್ತದೆ. ಅವನು ಉಸಿರು ಬಿಡುವುದು ಕೇಳಿಸಿತಲ್ಲ?

ಹೊಸದನ್ನು ಕೂರಿಸುತ್ತಾನೆ. ಮೊದಲ ಕಾಲಿನ ಚುಕ್ಕೆ ಬೋರ್ಡಿನ ಗುರುತಿಗೆ ಎದುರು ಬಂತೇ ಎಂದು ಭೂತಗನ್ನಡಿಯಲ್ಲಿ ನೋಡುತ್ತಾನೆ. ಮೂಲೆಯ ಒಂದು ಕಾಲಿಗೆ ಬೆಸುಗೆ, ಎದುರು ಮೂಲೆಗೆ ಇನ್ನೊಂದು, ಆಮೇಲೆ ಉಳಿದವು. ಕೆಲಸ ಚೆನ್ನಾಗಿಯೇ ಕಾಣುತ್ತದೆ. ಆದರೂ ಬ್ಯಾಟರಿ ಹಾಕುವ ಮೊದಲು ಮೀಟರ್ ಹಿಡಿಯಬೇಕು. ಪಕ್ಕಪಕ್ಕದ ಕಾಲುಗಳ ಮೇಲೆ ಮುಳ್ಳು ಇಡುತ್ತಾ ಹೋಗುತ್ತಾನೆ. ಎಂಟು-ಏಳು, ಸದ್ದಿಲ್ಲ. ಏಳು-ಆರು, ಸದ್ದಿಲ್ಲ. ಐದು-ಆರಕ್ಕೆ ಬಂದಾಗ ಮೀಟರ್ ಬೀಪ್ ಎನ್ನುತ್ತದೆ.

ಐದನೆಯ ಕಾಲಿನಲ್ಲಿ ಮಾಹಿತಿ ಹರಿಯುತ್ತದೆ, ಆರನೆಯದರಲ್ಲಿ ತಾಳ. ಎರಡೂ ಅಂಟಿಕೊಂಡರೆ ಮಾತಿಗೂ ತಾಳಕ್ಕೂ ವ್ಯತ್ಯಾಸವೇ ಇಲ್ಲದೆ ಸೆಟ್ಟಿಗೆ ಚಿಪ್ ಅಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಭೂತಗನ್ನಡಿಯಲ್ಲಿ ನೋಡಿ, ಕಾಲುಗಳ ಹಿಂಬದಿಯಲ್ಲಿ ಕೂದಲಿಗಿಂತ ಸಣ್ಣ ಬೆಳ್ಳಿ ಎಳೆ. ಮೇಲಿನಿಂದ ಕಾಣುವುದೇ ಇಲ್ಲ. ಹೆಣೆದ ತಾಮ್ರದ ಪಟ್ಟಿ ಇಟ್ಟು ಕಡ್ಡಿ ಒತ್ತಿದರೆ ಆ ಎಳೆಯನ್ನು ಬತ್ತಿ ಎಣ್ಣೆ ಹೀರುವ ಹಾಗೆ ಹೀರಿಕೊಳ್ಳುತ್ತದೆ. ಮತ್ತೆ ಮೀಟರ್. ಸದ್ದಿಲ್ಲ. ಹುಡುಗ ಯಾರೂ ಹೇಳದೆಯೇ ಮೊದಲಿನಿಂದ ಎಂಟೂ ಕಾಲುಗಳನ್ನು ಇನ್ನೊಮ್ಮೆ ಪರೀಕ್ಷಿಸುತ್ತಾನೆ. ನನಗೆ ಇವತ್ತಿನ ಅತಿ ದೊಡ್ಡ ಸಂತೋಷ ಅದು.

ಹದಿನಾರು ಕಾಲಿನದು ಇದೇ ರೀತಿ, ಬೇಗ ಮುಗಿಯಿತು. ಒಂದು ವ್ಯತ್ಯಾಸ: ಎಸ್‌ಐ4732ಕ್ಕೆ ಎಫ್‌ಎಂ ಒಳಬರುವ ಕಾಲು ಬೇರೆ, ಎಎಂ ಒಳಬರುವ ಕಾಲು ಬೇರೆ. ಬೋರ್ಡಿನ ದಾರಿ ಹೋಗುವುದು ಎಫ್‌ಎಂ ಕಾಲಿಗೆ. ಹಳೆಯ ರಿಲೇಯೊಂದರ ಸುರುಳಿಯಿಂದ ಬಿಚ್ಚಿದ ಎನಾಮಲ್ ತಂತಿಯನ್ನು, ನಡುವೆ ಪುಟ್ಟ ಕೆಪಾಸಿಟರ್ ಇಟ್ಟು, ಆಂಟೆನಾ ಕಡೆಯಿಂದ ಎಎಂ ಕಾಲಿಗೆ ಎಳೆದೆವು.

ಈಗ ಪಿಟಿಟಿ ಒತ್ತಿ ಹಿಡಿದುಕೊಂಡೇ ಸೆಟ್ಟು ಆನ್ ಮಾಡುತ್ತಾನೆ. ಪರದೆ ಕತ್ತಲೆ, ನೆತ್ತಿಯ ಟಾರ್ಚ್ ಮಾತ್ರ ಬೆಳ್ಳಗೆ ಉರಿಯುತ್ತದೆ. ಹೊಸ ಫರ್ಮ್‌ವೇರ್ ತುಂಬಿಸಿಕೊಳ್ಳಲು ತಯಾರು ಎಂದರ್ಥ. 2023ರಲ್ಲಿ ಹವ್ಯಾಸಿಗಳು ಈ ಸೆಟ್ಟಿನ ಒಳಗುಟ್ಟು ಬಿಡಿಸಿ ಸೋರ್ಸ್ ಕೋಡ್ ಬಯಲಿಗಿಟ್ಟರು, ಅಲ್ಲಿಂದ ಇದಕ್ಕೆ ಹತ್ತಾರು ರೂಪ ಬಂದಿವೆ. ನಾವು ಹಾಕುತ್ತಿರುವುದರಲ್ಲಿ ನಾನು ನಿನ್ನೆ ರಾತ್ರಿ ಕೂತು ಒಂದು ಪಟ್ಟಿ ತಿದ್ದಿದ್ದೇನೆ. 144ರಿಂದ 146, 434ರಿಂದ 438, ಇಷ್ಟರಲ್ಲಿ ಮಾತ್ರ ಪಿಟಿಟಿ ಕೆಲಸ ಮಾಡುತ್ತದೆ. ಉಳಿದೆಡೆ ಎಷ್ಟೇ ಒತ್ತಿದರೂ ಅಲೆ ಹೊರಡುವುದಿಲ್ಲ. ಹುಡುಗನಿಗೆ ಆ ಸಾಲುಗಳನ್ನು ತೋರಿಸಿಯೇ ಕಂಪೈಲ್ ಮಾಡಿದ್ದು. ಬೀಗ ಎಲ್ಲಿದೆ ಎಂದು ಅವನಿಗೂ ತಿಳಿದಿರಲಿ, ಅದನ್ನು ಏಕೆ ಹಾಕಿದೆವು ಎಂದೂ ತಿಳಿದಿರಲಿ.

ಫರ್ಮ್‌ವೇರ್ ಹೋಯಿತು. ಜಾತಕ ಮರಳಿ ಹೋಯಿತು. ಪ್ಯಾಚ್ ಹೋಯಿತು. ಪರದೆ ಬೆಳಗಿತು, ಬ್ಯಾಟರಿ ಮೊದಲಿನಷ್ಟೇ ತೋರಿಸುತ್ತಿದೆ.

ರಬ್ಬರ್ ಆಂಟೆನಾ ಇದಕ್ಕೆ ಸಾಲದು. 7 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ನಲವತ್ತು ಮೀಟರ್ ದಾಟುತ್ತದೆ, ಕಾಲು ಭಾಗ ಎಂದರೂ ಹತ್ತೂವರೆ ಮೀಟರ್ ತಂತಿ ಬೇಕು. ಮಧ್ಯಾಹ್ನ ಮಳೆ ಒಂದು ಗಳಿಗೆ ಬಿಡುವು ಕೊಟ್ಟಾಗಲೇ ಮಾಡಿನ ತುದಿಯಿಂದ ತೆಂಗಿನ ಮರಕ್ಕೆ ಕಟ್ಟಿದ್ದೇವೆ. ಆಷಾಢದ ಜಡಿಮಳೆಗೆ ಸಾಮಾನ್ಯವಾಗಿ ಗುಡುಗಿಲ್ಲ, ಅದಕ್ಕೇ ಧೈರ್ಯ. ಸಿಡಿಲಿನ ಕಾಲದಲ್ಲಿ ಈ ತಂತಿ ಮನೆಯೊಳಗೆ ಬರಬಾರದು.

ಇಷ್ಟು ಹೊತ್ತಿಗೆ ಹೊರಗೆ ಕತ್ತಲಾಗಿದೆ. ಮೊದಲು 10 ಮೆಗಾಹರ್ಟ್ಸ್, ಎಎಂ. ಸದ್ದು ಜಾಸ್ತಿ ಇದೆ, ಕಿವಿಗೊಟ್ಟು ಕೇಳಿ. ಟಿಕ್. ಟಿಕ್. ಟಿಕ್. ಸೆಕೆಂಡಿಗೊಂದು. ಚೀನಾದ ಶಾನ್ಶಿ ಪ್ರಾಂತ್ಯದಿಂದ ಬರುವ ಬಿಪಿಎಂ, ಹೊತ್ತು ಹೇಳುವುದಕ್ಕೆಂದೇ ಇರುವ ಕೇಂದ್ರ. ಹುಡುಗ ಗೋಡೆ ಗಡಿಯಾರ ನೋಡುತ್ತಾನೆ, ಸೆಟ್ಟು ನೋಡುತ್ತಾನೆ. ಗುಡ್ಡದಾಚೆಯ ಊರಿಗೆ ಮುಟ್ಟದ ಸೆಟ್ಟು ಹಿಮಾಲಯದಾಚೆಯದನ್ನು ಕೇಳುತ್ತಿದೆ.

"ಈಗ 7100 ಕಿಲೋಹರ್ಟ್ಸ್‌ಗೆ ಬಾ. ಎಲ್‌ಎಸ್‌ಬಿ."

ಬರೀ ಗೊರಗೊರ. ನಮ್ಮ ಎಲ್‌ಇಡಿ ಬಲ್ಬು, ಫೋನಿನ ಚಾರ್ಜರು, ಪಕ್ಕದ ಮನೆಯವರವು, ಎಲ್ಲ ಸೇರಿ ಬ್ಯಾಂಡಿನ ಮೇಲೆ ಕಂಬಳಿ ಹೊದಿಸಿವೆ. ಅದರಡಿಯಲ್ಲಿ ಯಾರೋ ಇದ್ದಾರೆ, ಬಾತುಕೋಳಿಯ ದನಿಯಲ್ಲಿ. ಸಿಂಗಲ್ ಸೈಡ್‌ಬ್ಯಾಂಡ್ ಪ್ರಸಾರದಲ್ಲಿ ಮಾತನ್ನು ಹೊತ್ತು ತರುವ ಅಲೆಯನ್ನೇ ಕಳಿಸಿರುವುದಿಲ್ಲ, ಅದನ್ನು ಕೇಳುವವನು ತನ್ನ ಕಡೆಯಿಂದ ಕೂಡಿಸಿಕೊಳ್ಳಬೇಕು. ನೂರಿನ್ನೂರು ಹರ್ಟ್ಸ್ ತಪ್ಪಿದರೂ ಮನುಷ್ಯನ ದನಿ ಮನುಷ್ಯನದಾಗಿ ಉಳಿಯುವುದಿಲ್ಲ.

ಅಷ್ಟರಲ್ಲಿ ಕರೆಂಟು ಹೋಗುತ್ತದೆ.

ಅಲುಗಬೇಡಿ. ನಮ್ಮ ಮನೆಗೆ ಮಾತ್ರವಲ್ಲ, ಇಡೀ ಕೇರಿಗೆ ಹೋಗಿದೆ. ಕಂಬಳಿ ಯಾರೋ ಸರಕ್ಕನೆ ಎಳೆದ ಹಾಗೆ ಗೊರಗೊರ ನಿಂತಿತು. ಕತ್ತಲೆಯಲ್ಲಿ ಪುಟ್ಟ ಪರದೆಯ ಬೆಳಕು ಮಾತ್ರ ಹುಡುಗನ ಗಲ್ಲದ ಮೇಲೆ ಬಿದ್ದಿದೆ. ಅವನು ಬಾಣದ ಗುಂಡಿಯನ್ನು ಒಂದೊಂದೇ ಹೆಜ್ಜೆ ಒತ್ತುತ್ತಾನೆ. ಬಾತುಕೋಳಿಯ ದನಿ ಇಳಿಯುತ್ತದೆ, ದಪ್ಪಗಾಗುತ್ತದೆ, ಗಂಟಲು ಸಿಗುತ್ತದೆ. "...ಫೈವ್ ನೈನ್ ಬರ್ತಾ ಇದೀರಿ. ನಮ್ಮಲ್ಲಿ ಬೆಳಗಿಂದ ಒಂದೇ ಸಮ ಮಳೆ. ನಿಮ್ಮ ಕಡೆ ಹೇಗಿದೆ, ಓವರ್..."

ಕನ್ನಡ. ಹುಡುಗನ ಹೆಬ್ಬೆರಳು ತಾನಾಗಿಯೇ ಪಿಟಿಟಿ ಕಡೆ ಸರಿಯುತ್ತದೆ, ಅಲ್ಲಿ ಒಂದು ಗಳಿಗೆ ನಿಲ್ಲುತ್ತದೆ, ಮತ್ತೆ ಬಾಣದ ಗುಂಡಿಗೆ ಮರಳುತ್ತದೆ. ಇನ್ನೊಂದು ದನಿ ಉತ್ತರ ಕೊಡುತ್ತಿದೆ. ಇದು ತೆಳ್ಳಗಿದೆ, ಅಲೆಯ ಮೇಲೆ ತೇಲಿ ಮುಳುಗುತ್ತಿದೆ, ಹೊಳೆ ತುಂಬಿದ ಸುದ್ದಿ ಹೇಳುತ್ತಿದೆ.

ಅಡುಗೆಮನೆಯಿಂದ ಅವನ ಅತ್ತೆ ದೀಪ ಹಿಡಿದು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. "ಯಾರೋ ಅದು, ಈ ಕತ್ತಲಲ್ಲಿ ಮಾತಾಡ್ತಿರೋದು?"

ಹುಡುಗ ತಲೆ ಎತ್ತುವುದಿಲ್ಲ. ಎಡಗೈ ಎತ್ತಿ ಸುಮ್ಮನಿರಿ ಎಂದು ಸನ್ನೆ ಮಾಡುತ್ತಾನೆ, ಬಲಗೈಯಲ್ಲಿ ಸೆಟ್ಟನ್ನು ಕಿವಿಗೆ ಇನ್ನಷ್ಟು ಒತ್ತಿಕೊಳ್ಳುತ್ತಾನೆ.