ಬೈಲಕುಪ್ಪೆಯ ಒಂದು ಹಿತ್ತಲು

ಮೈಸೂರಿನಿಂದ ಹೊರಟು, ಹುಣಸೂರು ಪಿರಿಯಾಪಟ್ಟಣಗಳನ್ನು ದಾಟಿ ಕೊಡಗಿನ ಕಡೆಗೆ ಹೋಗತಕ್ಕ ಹೆದ್ದಾರಿಯಲ್ಲಿ, ಕಾವೇರಿಯ ಸೇತುವೆಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಬೈಲಕುಪ್ಪೆಯೆಂಬ ಊರು ಸಿಕ್ಕುವುದು. ಈಗ ಆ ಹೆಸರನ್ನು ಕೇಳಿದ ಕೂಡಲೇ ಜನಕ್ಕೆ ನೆನಪಾಗುವುದು ಟಿಬೆಟಿನವರ ನೆಲೆ, ಅವರ ವಿಹಾರಗಳು, 1999ರಲ್ಲಿ ತೆರೆದ ಸುವರ್ಣ ದೇವಾಲಯ. ರಜೆಯ ದಿನಗಳಲ್ಲಿ ಬಸ್ಸುಗಟ್ಟಲೆ ಬಂದಿಳಿಯುವ ಪ್ರವಾಸಿಗರು ದೇವಾಲಯವನ್ನು ನೋಡಿ, ಚಿತ್ರಗಳನ್ನು ತೆಗೆದುಕೊಂಡು, ಕತ್ತಲಾಗುವುದರೊಳಗೆ ಕುಶಾಲನಗರವನ್ನು ಸೇರಿಬಿಡುವರು. ಹಳೆಯ ಊರಿನ ಬೀದಿಗಿಳಿದು ಮನೆಗಳ ಹಿಂದೆ ಏನಿದೆಯೆಂದು ನೋಡುವವರು ವಿರಳ. ನೋಡಬೇಕಾದದ್ದು ಅಲ್ಲೇನೂ ಇಲ್ಲವೆಂದೇ ಊರವರ ಅಭಿಪ್ರಾಯವೂ ಸಹ.

ಆ ಬೀದಿಯ ಒಂದು ಹಂಚಿನ ಮನೆಯ ಹಿಂದೆ ಹತ್ತು ಮಾರು ಅಗಲ, ಅದಕ್ಕಿಂತ ಸ್ವಲ್ಪ ಹೆಚ್ಚು ಉದ್ದದ ಹಿತ್ತಲೊಂದಿದೆ. ಅದರ ಯಜಮಾನಿತಿಗೆ ಈಗ ಎಪ್ಪತ್ತು ದಾಟಿದೆ. ಆಕೆ ಮದುವೆಯಾಗಿ ಆ ಮನೆಗೆ ಬಂದಾಗ ಅಲ್ಲಿದ್ದದ್ದು ಒಂದು ಬಾವಿ, ಒಂದು ನುಗ್ಗೆಯ ಮರ, ಕಟ್ಟಿಗೆಯ ರಾಶಿ, ಇಷ್ಟೆ. ತವರಾದ ಮೈಸೂರಿನಿಂದ ಬರುವಾಗ ಒದ್ದೆಯ ಗೋಣಿಯ ಚೂರಿನಲ್ಲಿ ಸುತ್ತಿ ತಂದಿದ್ದ ಮಲ್ಲಿಗೆಯ ಸಸಿಯನ್ನು ಬಾವಿಯ ಪಕ್ಕದಲ್ಲಿ ನೆಟ್ಟರು. ಮೈಸೂರು ಮಲ್ಲಿಗೆಯ ಪರಿಮಳವನ್ನು ಇಲ್ಲಿ ವರ್ಣಿಸಬೇಕಾದ ಅಗತ್ಯವಿಲ್ಲ, 1942ರಲ್ಲಿ ಕೆ. ಎಸ್. ನರಸಿಂಹಸ್ವಾಮಿಗಳು ತಮ್ಮ ಕವನಸಂಗ್ರಹಕ್ಕೆ ಆ ಹೂವಿನ ಹೆಸರನ್ನೇ ಇಟ್ಟ ಮೇಲೆ ಅದನ್ನು ತಿಳಿಯದ ಕನ್ನಡಿಗನೇ ಇಲ್ಲ. ಮಲ್ಲಿಗೆಯ ಹಿಂದೆ ನಂದಿಬಟ್ಟಲು, ದಾಸವಾಳ, ಪಾರಿಜಾತ, ಕನಕಾಂಬರ, ಸ್ಫಟಿಕ, ಮರುಗ ಒಂದೊಂದಾಗಿ ಬಂದುವು. ಕೊಂಡು ತಂದದ್ದು ಯಾವುದೂ ಇಲ್ಲ. ಒಂದು ಮನೆಯ ಅರಿಸಿನ ಕುಂಕುಮಕ್ಕೆ ಹೋದಾಗ ಒಂದು ಕಡ್ಡಿ, ಇನ್ನೊಂದು ಮನೆಯ ಬಾಣಂತಿಯನ್ನು ನೋಡಲು ಹೋದಾಗ ಒಂದು ಹಿಡಿ ಬೀಜ. ಸುತ್ತಣ ಹೊಲಗಳಲ್ಲೆಲ್ಲ ಹೊಗೆಸೊಪ್ಪು. ದುಡ್ಡು ಬರತಕ್ಕದ್ದು ಅದರಿಂದ. ಹಿತ್ತಲಿನಿಂದ ಬಿಡಿಗಾಸೂ ಬರುವುದಿಲ್ಲವಾದುದರಿಂದ ಅದರ ಗೊಡವೆಗೆ ಗಂಡಸರು ಬರಲಿಲ್ಲ. ಇದು ಒಂದು ಬಗೆಯಲ್ಲಿ ಉಪಕಾರವೇ ಆಯಿತು.

ಈ ಸೀಮೆ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಆಷಾಢದಲ್ಲಿ ಪಶ್ಚಿಮದ ಗಾಳಿ ಕೊಡಗಿನ ಬೆಟ್ಟಗಳನ್ನು ಹತ್ತಿಳಿದು ತನ್ನ ಮಳೆಯ ಬಹುಭಾಗವನ್ನು ಅಲ್ಲಿಯೇ ಸುರಿಸಿ, ಉಳಿದ ಜಿಟಿಜಿಟಿಯನ್ನು ಇಲ್ಲಿಗೆ ತರುವುದು. ಹಿತ್ತಲು ಮಾಡುವವರಿಗೆ ಈ ಜಿಟಿಮಳೆಯಂಥ ಬಂಧು ಮತ್ತೊಬ್ಬನಿಲ್ಲ. ಯಜಮಾನಿತಿಯ ಪಂಚಾಂಗವೆಲ್ಲ ಮಳೆಯ ನಕ್ಷತ್ರಗಳದೇ. ಭರಣಿಯಲ್ಲಿ ಒಂದು ಹದವಾದರೆ ನೆಲವನ್ನು ಅಗೆದು ಗೊಬ್ಬರ ಬೆರೆಸುವುದು, ರೋಹಿಣಿಯಲ್ಲಿ ಬೀಜ, ಆರ್ದ್ರೆ ಪುನರ್ವಸುಗಳಲ್ಲಿ ಕಡ್ಡಿ ಊರುವುದು. ಆಶ್ಲೇಷೆಯ ಹೊತ್ತಿಗೆ ಕರ್ಣಕುಂಡಲ ಬೇಲಿಯುದ್ದಕ್ಕೂ ಬಿಟ್ಟಿರುವುದು. ಗೌರೀ ಗಣೇಶರ ಹಬ್ಬಕ್ಕೆ ಬೇಕಾದ ಪತ್ರೆಗಳಲ್ಲಿ ಅರ್ಧದಷ್ಟಾದರೂ ಆ ಹಿತ್ತಲಿನಲ್ಲಿಯೇ ಸಿಕ್ಕುತ್ತಿದ್ದುವು. ಶರದೃತುವಿನಲ್ಲಿ ಪಾರಿಜಾತದ ಕಾಲ. ಉಳಿದ ಹೂಗಳನ್ನು ನೆಲಕ್ಕೆ ಬಿದ್ದರೆ ದೇವರಿಗೇರಿಸಬಾರದೆನ್ನುವರು, ಇದೊಂದನ್ನು ಮಾತ್ರ ನೆಲದಿಂದಲೇ ಆಯ್ದುಕೊಳ್ಳುವರು. ರಾತ್ರಿ ಅರಳಿ ಬೆಳಗಿನ ಜಾವ ತಾನಾಗಿ ಉದುರುವ ಹೂವಿಗೆ ಬೇರೆ ನಿಯಮವನ್ನು ಮಾಡಿ ಪ್ರಯೋಜನವೇನು?

ಕಾರ್ತಿಕದಿಂದ ಶಾವಂತಿಗೆ. ಇದರ ವಿಷಯವಾಗಿ ಒಂದು ಸಂಗತಿಯನ್ನು ಹೇಳಲೇಬೇಕು. ಒಂದು ವರ್ಷ ಹಿತ್ತಲಿನ ಗೋಡೆಯಾಚೆ ಬೀದಿಗೆ ಹೊಸ ವಿದ್ಯುದ್ದೀಪವನ್ನು ಹಾಕಿದರು. ಆ ವರ್ಷ ಶಾವಂತಿಗೆಯ ಮಡಿಯಲ್ಲಿ ಮನೆಯ ನೆರಳಿಗಿದ್ದ ಅರ್ಧ ಎಂದಿನಂತೆ ಹೂಬಿಟ್ಟಿತು. ದೀಪದ ಕಡೆಯ ಅರ್ಧ ಎದೆಯುದ್ದ ಸೊಪ್ಪಾಗಿ ಬೆಳೆದು ಒಂದು ಮೊಗ್ಗನ್ನೂ ಕಾಣಿಸಲಿಲ್ಲ. ಸೊಸೆ ದೃಷ್ಟಿಯೆಂದಳು. ಯಜಮಾನಿತಿ ಮಾತ್ರ ಮೂರು ನಾಲ್ಕು ರಾತ್ರಿ ಹಿತ್ತಲ ಬಾಗಿಲಿನಲ್ಲಿ ನಿಂತು ನೋಡಿ, ಮರುವರ್ಷ ಭಾದ್ರಪದದಲ್ಲಿಯೇ ಆ ಕಡೆಗೆ ಒಂದು ಹಳೆಯ ಜಮಖಾನವನ್ನು ಪ್ರತಿಸಂಜೆಯೂ ಕಟ್ಟತೊಡಗಿದರು. ಗಿಡಗಳೆಲ್ಲ ಹೂವಾದುವು. ಶಾವಂತಿಗೆ ದೀರ್ಘವಾದ ಕತ್ತಲೆಯನ್ನು ಕಂಡಲ್ಲದೆ ಮೊಗ್ಗು ಹಿಡಿಯದೆಂಬುದನ್ನು ಸಸ್ಯಶಾಸ್ತ್ರಜ್ಞರು ಪ್ರಯೋಗಗಳಿಂದ ಸಿದ್ಧಪಡಿಸಿದ್ದಾರೆ. ದೊಡ್ಡ ಬೆಳೆಗಾರರು ರಾತ್ರಿ ದೀಪ ಹಚ್ಚಿ ಹೂವನ್ನು ತಮಗೆ ಬೇಕಾದ ದಿನದವರೆಗೆ ತಡೆದಿಡುವರು. ಈ ಅಮ್ಮನವರಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಹೇಮಂತ ಕಳೆದು ಸಂಕ್ರಾಂತಿಯಾಗುವ ಹೊತ್ತಿಗೆ ಮಲ್ಲಿಗೆಗೆ ನೀರು ನಿಲ್ಲಿಸಿ, ಬಳ್ಳಿಯನ್ನು ಮೊಳಕಾಲೆತ್ತರಕ್ಕೆ ಸವರಿ, ಬುಡವನ್ನು ಬಿಡಿಸಿ, ಹಳೆಯ ಕೊಟ್ಟಿಗೆಯ ಗೊಬ್ಬರವನ್ನು ಕೊಡುವುದು. ನೋಡುವವರಿಗೆ ಇದು ಕ್ರೂರವಾಗಿ ಕಾಣುವುದು. ಆದರೆ ಹೀಗೆ ಸವರಿದಲ್ಲದೆ ಹೊಸ ಚಿಗುರಿಲ್ಲ, ಹೊಸ ಚಿಗುರಿಲ್ಲದೆ ಮಲ್ಲಿಗೆಯಿಲ್ಲ. ಫಾಲ್ಗುಣ ಚೈತ್ರಗಳಲ್ಲಿ, ಕೊಡಗಿನವರು ಕಾಫಿಯ ಹೂಮಳೆಗಾಗಿ ಆಕಾಶವನ್ನು ನೋಡುತ್ತಿರುವಾಗ, ಇಲ್ಲಿ ಮೊಗ್ಗು ಕಾಣಿಸುವುದು. ಅದೇ ಮಳೆಯ ಅಂಚು ಇತ್ತ ಬಂದರೆ ವೈಶಾಖದಲ್ಲಿ ಮನೆತುಂಬ ಹೂ.

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದವೆಂದು ಒಂದು ಅಧ್ಯಾಯವುಂಟು. ಕನ್ನಡದಲ್ಲಿ 1025ರಷ್ಟು ಹಿಂದೆಯೇ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಆ ವಿಷಯವನ್ನು ತಂದಿದ್ದಾನೆ. ಮೃದುವಾದ ಭೂಮಿ ಗಿಡಗಳಿಗೆಲ್ಲ ಹಿತವೆಂದೂ, ಮೊದಲು ಅಲ್ಲಿ ಎಳ್ಳನ್ನು ಬಿತ್ತಿ, ಹೂವಾದೊಡನೆ ಅದನ್ನು ನೆಲದಲ್ಲಿಯೇ ತುಳಿದು ಸೇರಿಸಬೇಕೆಂದೂ ವರಾಹಮಿಹಿರನ ವಿಧಿ; ಈಗಿನವರು ಹಸಿರುಗೊಬ್ಬರವೆಂದು ಹೇಳುವುದು ಇದನ್ನೇ. ನೀರೆರೆಯುವುದಕ್ಕೂ ಅವನಲ್ಲಿ ಕ್ರಮವಿದೆ: ಬೇಸಗೆಯಲ್ಲಿ ಸಂಜೆ ಮತ್ತು ಬೆಳಗ್ಗೆ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ. ಕೊನೆಯ ಮಾತು ಬೈಲಕುಪ್ಪೆಗೆ ಅನವಶ್ಯಕವೆಂದೇ ಬಹುಕಾಲ ತೋರುತ್ತಿದ್ದಿತು. ಶ್ರಾವಣದಲ್ಲಿ ಇಲ್ಲಿ ನೆಲ ಒಣಗುವುದುಂಟೇ? 2018ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದಾಗ ಈ ಹಿತ್ತಲಿನಲ್ಲಿಯೂ ನೀರು ನಿಂತು ಗೆಡ್ಡೆಗಳು ಕೊಳೆತಿದ್ದುವು. ಆ ಮಾತಿನ ಅರ್ಥ ತಿಳಿದುಬಂದದ್ದು 2023ರಲ್ಲಿ.

ಆ ಗೆಡ್ಡೆಗಳ ಕಥೆ ಬೇರೆ. ಡೇಲಿಯಾ ಮೆಕ್ಸಿಕೋ ದೇಶದ ಗಿಡ. ಹೆಸರು ಡಾಲ್ ಎಂಬ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞನದು. ಈ ಹಿತ್ತಲಿಗೆ ಅದು ಬಂದದ್ದು ಟಿಬೆಟಿನ ಹೆಂಗಸೊಬ್ಬರ ಕೈಯಿಂದ. 1960ರ ಕೊನೆಯಿಂದ ಮುಂದಕ್ಕೆ, ಮೈಸೂರು ರಾಜ್ಯದ ಸರಕಾರ ಕೊಟ್ಟ ಸುಮಾರು 3000 ಎಕರೆ ಕಾಡುಭೂಮಿಯಲ್ಲಿ ನಿರಾಶ್ರಿತರು ಬಂದು ಗುಡಾರ ಹಾಕಿದಾಗ ಆಕೆ ತಾಯಿಯ ಬೆನ್ನಿನ ಮೇಲಿನ ಕೂಸು. ಕಾಡನ್ನು ಕಡಿದು, ಆನೆಗಳನ್ನು ಅಟ್ಟಿ, ಮುಸುಕಿನ ಜೋಳವನ್ನು ಬೆಳೆದು ಅವರು ನೆಲೆನಿಂತರು. ಮನೆಗಳಾದ ಮೇಲೆ ಮೊದಲು ಮಾಡಿದ ಕೆಲಸವೆಂದರೆ, ಎಣ್ಣೆಯ ಖಾಲಿ ಡಬ್ಬಗಳಲ್ಲಿ ಮಣ್ಣು ತುಂಬಿ ಜಗಲಿಯ ಮೇಲೆ ಹೂಗಿಡಗಳನ್ನು ಸಾಲಿಟ್ಟದ್ದು. ಇಂದಿಗೂ ಅವರ ಬೀದಿಗಳಲ್ಲಿ ಡಬ್ಬದ ತೋಟವಿಲ್ಲದ ಮನೆ ಕಡಮೆ. ಆಕೆ ಸೊಪ್ಪು ಮಾರಲು ಬಂದು ಪರಿಚಯವಾಗಿ, ಮಲ್ಲಿಗೆಗೆ ಬದಲಾಗಿ ಡೇಲಿಯಾದ ಗೆಡ್ಡೆಯನ್ನು ಕೊಟ್ಟರು. ಇವರು ಆಕೆಯನ್ನು ‘ಅಮಾಲಾ’ ಎಂದರೆ ಆಕೆ ಇವರನ್ನು ‘ಅಕ್ಕಾ’ ಎನ್ನುವುದು ರೂಢಿಯಾಯಿತು. ಚಳಿಗಾಲದಲ್ಲಿ ಆಕೆ ತಮ್ಮವರೊಡನೆ ದೂರದ ಪಟ್ಟಣಗಳಿಗೆ ಉಣ್ಣೆಯ ಬಟ್ಟೆ ಮಾರಲು ಹೋಗುವಾಗ ಮನೆಯ ಬೀಗದ ಕೈ ಮಗನಿಗೆ, ಡಬ್ಬಗಳೆಲ್ಲ ಅಕ್ಕನಿಗೆ.

ಒಮ್ಮೆ ಅವರ ಹೊಸ ವರ್ಷದ ಹಬ್ಬಕ್ಕೆ ಕರೆದಿದ್ದರು. ಪೂಜೆಯ ಮಣೆಯ ಮೇಲೆ ಗೋಧಿಯ ಮೊಳಕೆಯ ಹಸಿರು ಕುಂಡ. ನಮ್ಮ ಮದುವೆಯ ಅಂಕುರಾರ್ಪಣೆಯ ಮಡಕೆಯೇ ಅಲ್ಲಿ ಹೋಗಿ ಕೂತಿತೋ ಎನ್ನುವಂತಿತ್ತು. ಮುಂದೆ ಏಳು ಬಟ್ಟಲುಗಳಲ್ಲಿ ನೀರು. ಅಮಾಲಾ ಕೈಮುಗಿದು ಮೆಲ್ಲನೆ ಮಂತ್ರವನ್ನು ಹೇಳತೊಡಗಿದರು. ಟಿಬೆಟಿನ ನುಡಿ ತಿಳಿಯದ ಯಜಮಾನಿತಿ ಸುಮ್ಮನೆ ಕುಳಿತಿದ್ದವರು ಥಟ್ಟನೆ ತಲೆಯೆತ್ತಿದರು. ಅರ್ಘಂ, ಪಾದ್ಯಂ, ಪುಷ್ಪೇ, ಧೂಪೇ, ಆಲೋಕೇ, ಗಂಧೇ, ನೈವೇದ್ಯೇ. ಉಚ್ಚಾರಣೆ ಹಿಮಾಲಯವನ್ನು ಹತ್ತಿಳಿದು ಬಂದದ್ದು, ಆದರೆ ಮಾತೆಲ್ಲ ಮನೆಯದೇ! ಸಾವಿರ ವರ್ಷದ ಹಿಂದೆ ಪಂಡಿತರ ಸಂಗಡ ಉತ್ತರಕ್ಕೆ ಹೋದ ಸಂಸ್ಕೃತ ಶಬ್ದಗಳು ಶಿಬಿರದ ಆ ಹೆಂಚಿನ ಮನೆಗೆ ಮರಳಿದ್ದುವು. ಮೂರನೆಯ ಬಟ್ಟಲು ಪುಷ್ಪದ್ದೆಂದು ತಿಳಿದ ಮೇಲೆ, ಮಲ್ಲಿಗೆಯ ಕಾಲದಲ್ಲಿ ಆ ಬಟ್ಟಲಿಗೆ ಬೇಕಾದ ಹೂ ಈ ಹಿತ್ತಲಿನಿಂದ ಹೋಗದ ವಾರವಿರಲಿಲ್ಲ. ಈಚೆಗೆ ಎರಡು ಕಡೆಯ ದೇವರ ಮನೆಗಳಿಗೂ ಪ್ಲಾಸ್ಟಿಕ್ಕಿನ ಹೂಗಳು ಬಂದಿವೆ. ಅವು ಬಾಡುವುದಿಲ್ಲವೆಂಬುದನ್ನೇ ಗುಣವೆಂದು ಮಾರುವರು. ಬಾಡುವ ವಸ್ತುವನ್ನು ಅರ್ಪಿಸುವುದರಲ್ಲಿಯೇ ಅರ್ಪಣೆಯಿದೆಯೆಂಬುದನ್ನು ಅಂಗಡಿಯವನಿಗೆ ಯಾರು ಹೇಳಬೇಕು?

ಮಲ್ಲಿಗೆಯ ಒಂದು ಕೊಂಬೆಯನ್ನು ಬಗ್ಗಿಸಿ ನೆಲದಲ್ಲಿ ಊರಿ, ಬೇರು ಬಿಟ್ಟ ಮೇಲೆ ಕಡಿದು, ಅಮಾಲಾಗೆ ಕೊಟ್ಟದ್ದೂ ಆ ಕಾಲದಲ್ಲಿಯೇ. ಆಕೆ ಅದನ್ನು ಬಚ್ಚಲಿನ ನೀರು ಹರಿದುಹೋಗುವ ಮೂಲೆಯಲ್ಲಿ ನೆಟ್ಟರು. 2022ರಲ್ಲಿ ಕೆನಡಾ ದೇಶದಲ್ಲಿದ್ದ ಮಗಳು ಬಂದು ತಾಯಿಯನ್ನು ಕರೆದುಕೊಂಡು ಹೋದಳು. ಮನೆಯಲ್ಲಿ ದೂರದ ನೆಂಟರ ಹುಡುಗರು ಉಳಿದರು. ಡಬ್ಬಗಳು ಈ ಸಲ ಮರಳಿ ಹೋಗಲಿಲ್ಲ. ಅಕ್ಕನ ಹಿತ್ತಲಿನಲ್ಲಿಯೇ ನಿಂತುವು.

2023ರ ಮಳೆಗಾಲ ಬಂದಂತೆ ಬಂದು ಕೈಬಿಟ್ಟಿತು. ಆಗಸ್ಟಿನಲ್ಲಿ, ಜಿಟಿಮಳೆ ನಿಲ್ಲಬಾರದ ತಿಂಗಳಿನಲ್ಲಿ, ನೆಲ ಬಿರಿಯಿತು. ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಸರಕಾರ ಸಾರಿತು. ಮುಂದಿನ ಮಾಘಕ್ಕೆ ಬಾವಿಯ ತಳ ಕಂಡಿತು. ನಲ್ಲಿಯ ನೀರು ಕುಡಿಯುವುದಕ್ಕೆ, ಅಡಿಗೆಗೆ. ಅಕ್ಕಿ ತೊಳೆದದ್ದು ಕನಕಾಂಬರಕ್ಕೆ, ಪಾತ್ರೆ ತೊಳೆದದ್ದು ದಾಸವಾಳಕ್ಕೆ, ಹೀಗೆ ಪಾಲು ಮಾಡಿ ಯಜಮಾನಿತಿ ಮೂರು ತಿಂಗಳು ನಡೆಸಿದರು. ಆ ವರ್ಷ ಸಂಕ್ರಾಂತಿಯಲ್ಲಿ ಮಲ್ಲಿಗೆಯನ್ನು ಸವರಬಾರದಾಗಿತ್ತು. ನೀರಿಲ್ಲದ ವರ್ಷ ಗಾಯ ಮಾಡಿದರೆ ಬಳ್ಳಿ ತಡೆದೀತೇ? ಅಭ್ಯಾಸದ ಕೈ ಸವರಿಬಿಟ್ಟಿತು. 2024ರ ಏಪ್ರಿಲಿನಲ್ಲಿ ಬುಡದವರೆಗೆ ಒಣಗಿತು. ತಪ್ಪು ತಮ್ಮದೇ ಎಂಬುದನ್ನು ಅವರು ಯಾರೊಡನೆಯೂ ಮರೆಮಾಡಲಿಲ್ಲ.

ಊರಿನಿಂದ ಮೈಸೂರಿಗೆ ದಿನವೂ ಕೆಲಸಕ್ಕೆ ಹೋಗಿಬರುವ ಮಗ ಬಹುದಿನದಿಂದ ಮನಸ್ಸಿನಲ್ಲಿದ್ದುದನ್ನು ಆಗ ಹೇಳಿದನು. “ಅಮ್ಮ, ಬಾವಿ ಮುಚ್ಚಿ ಹಿತ್ತಲಿಗೆ ಸಿಮೆಂಟು ಹಾಕಿಸಿಬಿಟ್ಟರೆ ಕಾರು ನಿಲ್ಲಿಸೋದಕ್ಕಾಗುತ್ತೆ. ಹೂವು ಸಂತೆಯಲ್ಲಿ ಸಿಕ್ಕೇ ಸಿಕ್ಕುತ್ತಲ್ಲ.”

“ಸಂತೆ ಹೂವಿಗೆ ನಾನು ನೀರು ಹಾಕಿಲ್ಲವಲ್ಲಪ್ಪ” ಎಂದರು ತಾಯಿ.

ಅವನು ಕೆಟ್ಟ ಮಗನಲ್ಲ. ತಾಯಿಗೆ ಬಾವಿಯ ಹಗ್ಗವನ್ನು ಸೇದುವ ವಯಸ್ಸು ಕಳೆಯಿತೆಂಬುದೂ, ಮುಂದೆ ಆ ಕೆಲಸವನ್ನು ಮಾಡುವವರು ಮನೆಯಲ್ಲಿ ಯಾರೂ ಇಲ್ಲವೆಂಬುದೂ ನಿಜವೇ. ಆ ರಾತ್ರಿ ತಾಯಿ ಊಟ ಮಾಡಲಿಲ್ಲ. ಮರುದಿನ ಬೆಳಗ್ಗೆ ಮೊಮ್ಮಗಳನ್ನು ಕರೆದುಕೊಂಡು ಶಿಬಿರಕ್ಕೆ ನಡೆದರು. ಅಮಾಲಾರ ಮನೆಯ ಹುಡುಗರಿಗೆ ಗಿಡಗಳ ಪರಿವೆಯಿರಲಿಲ್ಲ, ಜಗಲಿಯೆಲ್ಲ ಬೋಳು. ಆದರೆ ಅವರು ದಿನಕ್ಕೆರಡು ಸಲ ಸ್ನಾನ ಮಾಡುವವರು. ಬಚ್ಚಲಿನ ಮೂಲೆಯಲ್ಲಿ ಮಲ್ಲಿಗೆ ಯಾರೂ ಸವರದೆ ಗೋಡೆಯನ್ನು ಹತ್ತಿ ಹೆಂಚನ್ನು ಮುಟ್ಟಿತ್ತು.

ಆ ವರ್ಷ ಮಳೆ ಚೆನ್ನಾಗಿ ಆಯಿತು. ಪುನರ್ವಸುವಿನಲ್ಲಿ ಅಲ್ಲಿಯೇ ಒಂದು ಕೊಂಬೆಯನ್ನು ಬಗ್ಗಿಸಿ, ಗೆಣ್ಣಿನ ಕೆಳಗೆ ಸ್ವಲ್ಪ ಸೀಳಿ, ಮಣ್ಣು ಮುಚ್ಚಿ, ಮೇಲೊಂದು ಕಲ್ಲನ್ನಿಟ್ಟು ಬಂದರು. ಸ್ವಾತಿಯಲ್ಲಿ ಕಡಿದು ತರುವ ಹೊತ್ತಿಗೆ ಮಗ ಹಿತ್ತಲಿನ ಅರ್ಧಕ್ಕೆ ಸಿಮೆಂಟು ಹಾಕಿಸಿದ್ದನು. ಬಾವಿಯನ್ನು ಮುಚ್ಚಿಸಿರಲಿಲ್ಲ, ಮಾಡಿನ ನೀರು ಅದಕ್ಕೆ ಇಳಿಯುವಂತೆ ಕೊಳವೆಯೊಂದನ್ನು ಕೂಡಿಸಿದ್ದನು. ಗುಂಡಿ ತೋಡಿದವನೂ ಅವನೇ. “ಇನ್ನೂ ಒಂದು ಗೇಣು ಆಳ” ಎಂದು ತಾಯಿ ಮೆಟ್ಟಲಿನ ಮೇಲೆ ಕುಳಿತು ಹೇಳುತ್ತಿದ್ದರು.

2025ರ ಸಂಕ್ರಾಂತಿಗೆ ಅದನ್ನು ಸವರಲಿಲ್ಲ. ವೈಶಾಖದಲ್ಲಿ ಹನ್ನೊಂದು ಹೂ ಬಿಟ್ಟುವು. ಮೊಮ್ಮಗಳು ಅದರ ಚಿತ್ರವನ್ನು ತೆಗೆದು ಕೆನಡಾಕ್ಕೆ ಕಳುಹಿಸಿದಳು. ಸಂಜೆಗೆ ಮರುಮಾತು ಬಂದಿತು, ಮಗಳಿಂದ ಬರೆಯಿಸಿದ್ದು. ಹೂವನ್ನು ಹೊಗಳಿರಲಿಲ್ಲ. ಬಚ್ಚಲಿನ ಹತ್ತಿರದ ತಾಯಿಗಿಡ ಇದೆಯೇ, ಹುಡುಗರು ಕಡಿದುಹಾಕಿದರೇ ಎಂದು ಕೇಳಿದ್ದರು.

ಇದೆ, ಹೆಂಚು ದಾಟಿದೆ ಎಂದು ಯಜಮಾನಿತಿ ಹೇಳಿಸಿದರು.