ಫೋಟೋ ಕತ್ತರಿಸಲು ಸರ್ವರ್‌ವರೆಗೆ ಹೋಗಬೇಕೆ?

ಈಗ ಆನ್‌ಲೈನ್‌ನಲ್ಲಿ ಅರ್ಜಿ ಹಾಕದವರು ಯಾರಿದ್ದಾರೆ ಹೇಳಿ! ಒಂದು ಅರ್ಜಿಯಲ್ಲಿ ಫೋಟೋ 50 ಕೆಬಿ ದಾಟಬಾರದು, ಇನ್ನೊಂದರಲ್ಲಿ ಸಹಿ 20 ಕೆಬಿಯೊಳಗೆ ಇರಬೇಕು. ಮೊಬೈಲು ತೆಗೆಯುವ ಫೋಟೋವೋ ಮೂರ್ನಾಲ್ಕು ಎಂಬಿ. ‘ಫೋಟೋ ರೀಸೈಜ್’ ಅಂತ ಹುಡುಕಿ, ಮೊದಲು ಸಿಕ್ಕ ತಾಣಕ್ಕೆ ಮುಖ, ಸಹಿ, ಆಧಾರ್ ಕಾರ್ಡು ಎಲ್ಲವನ್ನೂ ಅಪ್‌ಲೋಡ್ ಮಾಡಿಬಿಡುತ್ತೇವೆ. ಅವು ಯಾರ ಕಂಪ್ಯೂಟರಿಗೆ ಹೋದವು, ಅಲ್ಲಿ ಎಷ್ಟು ದಿನ ಉಳಿದವು ಎಂದು ಕೇಳುವವರಿಲ್ಲ. ನನಗೆ ಸಂಕಟವಾಗುವುದು ಅಲ್ಲೇ.

ಹಿಂದೆ ಬ್ರೌಸರಿಗೆ ಚಿತ್ರ ತೋರಿಸುವುದಷ್ಟೇ ಗೊತ್ತಿತ್ತು, ತಿದ್ದುವುದೆಲ್ಲ ಸರ್ವರಿನ ಪಾಲು. 2004ರಲ್ಲಿ ಆಪಲ್‌ನವರು ಪುಟದಲ್ಲೇ ಚಿತ್ರ ಬಿಡಿಸಿ ತಿದ್ದಲು ಬರುವ ‘ಕ್ಯಾನ್ವಾಸ್’ ತಂದರು, ಆಮೇಲೆ ಅದು ಎಲ್ಲ ಬ್ರೌಸರ್‌ಗಳಿಗೂ ಬಂತು. 2017ರ ಹೊತ್ತಿಗೆ, ಭಾರಿ ಲೆಕ್ಕದ ಕೆಲಸವನ್ನೂ ಬ್ರೌಸರಿನಲ್ಲೇ ವೇಗವಾಗಿ ನಡೆಸುವ ವೆಬ್‌ಅಸೆಂಬ್ಲಿಯೂ ಕೈಗೂಡಿತು. ಗೂಗಲ್ ಕ್ರೋಮ್ ತಂಡದ ‘ಸ್ಕ್ವೂಶ್’ ತಾಣದಲ್ಲಿ ಗಾತ್ರ ಇಳಿಸಿ ನೋಡಿ, ಚಿತ್ರ ನಿಮ್ಮ ಫೋನು ಬಿಟ್ಟು ಕದಲುವುದಿಲ್ಲ. ಕ್ಯಾನ್ವಾಸ್‌ನಲ್ಲಿ ಹೊಸದಾಗಿ ಉಳಿಸಿದ ಫೋಟೋದಲ್ಲಿ, ಅದನ್ನು ಎಲ್ಲಿ ತೆಗೆದದ್ದು ಎಂಬ ಜಿಪಿಎಸ್ ಗುರುತೂ ಉಳಿಯುವುದಿಲ್ಲ.

ಯಾವ ತಾಣ ಚಿತ್ರವನ್ನು ಹೊರಗೆ ಕಳಿಸುತ್ತದೆ, ಯಾವುದು ಕಳಿಸುವುದಿಲ್ಲ ಎಂದು ತಿಳಿಯುವುದೂ ಸುಲಭ. ಪುಟ ಪೂರ್ತಿ ತೆರೆದ ಮೇಲೆ ಏರೋಪ್ಲೇನ್ ಮೋಡ್ ಹಾಕಿ, ವೈಫೈಯೂ ಆರಿದೆಯೇ ನೋಡಿಕೊಳ್ಳಿ. ಆಮೇಲೆ ಫೋಟೋ ಆರಿಸಿ ಕ್ರಾಪ್ ಮಾಡಿ. ಆಯಿತೋ, ಕೆಲಸ ನಿಮ್ಮಲ್ಲೇ ನಡೆದಿದೆ. ಫೋಟೋ ಇಳಿಸಿಕೊಂಡು, ಟ್ಯಾಬ್ ಮುಚ್ಚಿ, ಮತ್ತೆ ಇಂಟರ್‌ನೆಟ್ ಹಚ್ಚಿ. ಚಕ್ರ ಸುಮ್ಮನೆ ಸುತ್ತುತ್ತಲೇ ಇದ್ದರೆ, ಚಿತ್ರವನ್ನು ಹೊರಗೆ ಕಳಿಸಲು ಆ ತಾಣ ಕಾದಿರಬಹುದು.

ಹಾಗಂತ ಸರ್ವರನ್ನು ದೂರುವಂತಿಲ್ಲ. 12 ಮೆಗಾಪಿಕ್ಸೆಲ್ ಫೋಟೋ ಬಿಚ್ಚಿಕೊಂಡರೆ ಪಿಕ್ಸೆಲ್ಲಿಗೆ 4 ಬೈಟಿನಂತೆ 48 ಎಂಬಿ ಮೆಮೊರಿ ನುಂಗುತ್ತದೆ, ಹಳೆಯ ಫೋನು ಏದುಸಿರು ಬಿಡುತ್ತದೆ. ಆನ್‌ಲೈನ್ ಅಂಗಡಿಯ ಸಾವಿರಾರು ಚಿತ್ರಗಳನ್ನು ಒಂದೇ ಅಳತೆಗೆ ತರುವುದು ಸರ್ವರಿಗೇ ಸರಿ. ಬ್ರೌಸರ್ ಕಳಿಸಿದ್ದನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ 2016ರಲ್ಲಿ ಸಿಕ್ಕ ದೋಷದಿಂದ, ಚಿತ್ರದ ವೇಷದ ಕಡತವೊಂದು ಸರ್ವರಿನಲ್ಲೇ ಆಜ್ಞೆ ನಡೆಸಬಹುದಿತ್ತು. ಬಂದ ಕಡತವನ್ನು ಸರ್ವರ್ ಮತ್ತೊಮ್ಮೆ ಪರೀಕ್ಷಿಸಲೇಬೇಕು.

ಆದರೆ ಕತ್ತರಿಸುವುದು, ತಿರುಗಿಸುವುದು, ಗಾತ್ರ ಇಳಿಸುವುದು ಫೋನಿನಲ್ಲೇ ಆಗಲಿ. ನಾಲ್ಕು ಎಂಬಿ ಹೋಗುವ ಕಡೆ 50 ಕೆಬಿ ಹೋದರೆ ಸಾಗಣೆ ಎಂಬತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಕೊನೆಯ ದಿನಾಂಕದ ರಾತ್ರಿ, ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ ಅರ್ಜಿ ತುಂಬುವ ಹಳ್ಳಿಯ ಹುಡುಗಿಗೆ ಆ ವ್ಯತ್ಯಾಸವೇ ನೌಕರಿಯ ದಾರಿಯಾದೀತು. ಅರ್ಜಿಯ ತಾಣ ಕಟ್ಟುವವರಲ್ಲಿ ನನ್ನದು ಒಂದೇ ಬೇಡಿಕೆ: ‘50 ಕೆಬಿ ಮೀರಿದೆ’ ಎಂದು ಕೆಂಪಕ್ಷರದಲ್ಲಿ ಗದರಿಸುವ ಬದಲು, ಆ ಪುಟದಲ್ಲೇ ಕ್ರಾಪ್ ಮಾಡುವ, ಗಾತ್ರ ಇಳಿಸುವ ಸೌಲಭ್ಯ ಕೊಡಿ.